ಅಲೆಮಾರಿಯೋ, ವಲಸಿಗರೋ: ಯಾವ ಪದ ಬಳಸಬೇಕು?

ಊರೂರು ತಿರುಗುವವರ ಬಗ್ಗೆ ಬರೆಯುವಾಗ ಯಾವ ಪದ ಸರಿ? ತಿರುಗಾಟವೇ ತಲೆಮಾರುಗಳ ಬದುಕಾಗಿದ್ದರೆ 'ಅಲೆಮಾರಿ'. ಮನೆತನಗಳ ವಂಶಾವಳಿ ಹೇಳುತ್ತಾ ಊರಿಂದ ಊರಿಗೆ ಹೋಗುವ ಹೆಳವರಿಗೆ, ಹಾಗೆಯೇ ಸುಡುಗಾಡು ಸಿದ್ಧರೆಂಬ ಸಮುದಾಯಕ್ಕೂ ಇದು ಒಪ್ಪುತ್ತದೆ. ಊರಲ್ಲಿ ಮನೆಯಿದ್ದು, ವರ್ಷದ ಕೆಲವು ತಿಂಗಳು ಕುರಿ ಹಿಂಡಿನ ಜೊತೆ ಹೊರಡುವವರಿಗೆ 'ಅರೆ ಅಲೆಮಾರಿ' ಹತ್ತಿರದ ಮಾತು.

ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬರುವವರು ಮಾತ್ರ ಅಲೆಮಾರಿಗಳಲ್ಲ. ಅವರದು ಗುಳೆ. ಈ ಪದದಲ್ಲಿ ಬರ, ಸಾಲ, ಕೂಲಿ ಎಲ್ಲಾ ಇದೆ. 'ವಲಸಿಗ' ಅಂದರೆ ತಪ್ಪಿಲ್ಲ, ಆದರೆ ಸ್ವಲ್ಪ ಸಪ್ಪೆ. ನಾನಾದರೆ ಗುಳೆ ಅಂತಲೇ ಬರೆಯುತ್ತೇನೆ.

'ವಿಮುಕ್ತ' ಪದವನ್ನು ಸುಮ್ನೆ ಅಲೆಮಾರಿಗೆ ಬದಲಾಗಿ ಹಾಕಬೇಡಿ. ಬ್ರಿಟಿಷರು 1871ರ ಕಾಯ್ದೆಯಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದರು. 1952ರಲ್ಲಿ ಕಾಯ್ದೆ ರದ್ದಾಯಿತು. ಆ ಪಟ್ಟಿಯಿಂದ ಬಿಡುಗಡೆಯಾದವರೇ ವಿಮುಕ್ತರು. ಎಲ್ಲ ಅಲೆಮಾರಿಗಳೂ ಆ ಪಟ್ಟಿಯಲ್ಲಿರಲಿಲ್ಲ.

ಇನ್ನು 'ಅಲೆಮಾರಿ'ಯನ್ನು ಬೈಗುಳವಾಗಿ ಬಳಸುವವರೂ ಜಾಸ್ತಿ. ಕೆಲಸವಿಲ್ಲದೆ ಸುತ್ತುವವನಿಗೆ 'ಪೋಲಿ' ಎಂಬ ಪದ ಇದೆಯಲ್ವಾ? ಸಮುದಾಯಗಳನ್ನು ಗುರುತಿಸುವ ಪದವನ್ನು ಅದಕ್ಕೆ ಎಳೆಯುವುದು ನೋವು ಕೊಡುತ್ತದೆ. ಸಮುದಾಯದ ಹೆಸರು ಗೊತ್ತಿದ್ದರೆ ಮೊದಲು ಅದನ್ನೇ ಬರೆಯಿರಿ.