ಬಿಸಿಗೆ ಜಗ್ಗದ ಸೆನ್ಸರ್, ನ್ಯೂಟ್ರಾನ್‌ಗೆ ಸೋತಿತು

ನಮ್ಮ ಲ್ಯಾಬಿಗೆ ಲಿಥಿಯಂ ನಯೋಬೇಟ್ ಹರಳಿನ ಅಲ್ಟ್ರಾಸಾನಿಕ್ ಸೆನ್ಸರ್ ತರಿಸಿದ್ದೆವು; ಕಿವಿಗೆ ಕೇಳದ ಶಬ್ದ ಕಳಿಸಿ, ಮರಳಿ ಬರುವ ಎಕೋ (ಪ್ರತಿಧ್ವನಿ) ಹಿಡಿಯುವ ಸಾಧನ ಇದು. ಕಂಪನಿ ಹೆಸರು ಬೇಡ ಬಿಡಿ.

ಬಿಸಿ ವಿಷಯದಲ್ಲಿ ಪೂರ್ತಿ ಅಂಕ. ಇಂಥ ಸೆನ್ಸರುಗಳಲ್ಲಿ ನಾವು ದಿನಾ ಬಳಸುವ ಪಿಝಡ್‌ಟಿ ಎಂಬ ಸೆರಾಮಿಕ್ ಸುಮಾರು 350 ಡಿಗ್ರಿ ದಾಟಿದರೆ ತನ್ನ ಗುಣವನ್ನೇ ಮರೆತುಬಿಡುತ್ತದೆ. ಲಿಥಿಯಂ ನಯೋಬೇಟಿನ ಮಿತಿ 1,100 ಡಿಗ್ರಿಗೂ ಮೇಲೆ. 500 ಡಿಗ್ರಿ ಫರ್ನೇಸಿನಲ್ಲಿಟ್ಟೆ, ಆಸಿಲೋಸ್ಕೋಪಿನಲ್ಲಿ ಎಕೋ ಅಲುಗಾಡಲಿಲ್ಲ.

ತೊಂದರೆ ಇರುವುದು ರಿಯಾಕ್ಟರಿನೊಳಗೆ. ಸಾಮಾನ್ಯ ಲಿಥಿಯಂನಲ್ಲಿ ಶೇಕಡಾ 7.5ರಷ್ಟು ಲಿಥಿಯಂ-6 ಎಂಬ ಹಗುರ ಐಸೋಟೋಪು ಇರುತ್ತದೆ, ಉಳಿದದ್ದು ಲಿಥಿಯಂ-7. ಅದು ನಿಧಾನ ನ್ಯೂಟ್ರಾನನ್ನು ಗಬಕ್ಕನೆ ನುಂಗಿ ಆಲ್ಫಾ ಕಣ, ಟ್ರಿಟಿಯಂ ಆಗಿ ಒಡೆಯುತ್ತದೆ. ಹೊರಬೀಳುವ ಶಕ್ತಿ 4.8 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್). ಸಾಲಾಗಿ ಕೂತ ಪರಮಾಣುಗಳನ್ನು ಆ ಚೂರುಗಳು ಚೆಲ್ಲಾಪಿಲ್ಲಿ ಮಾಡುತ್ತವೆ. ಹೊರಗಿನ ಏಟು ಸಾಲದು ಅಂತ ಮಡಿಲಲ್ಲೇ ಪಟಾಕಿ ಇಟ್ಟುಕೊಂಡ ಹಾಗೆ, ಅಲ್ವಾ?

ರಿಯಾಕ್ಟರಿನಲ್ಲಿ ಪರೀಕ್ಷೆ ಮುಗಿಸಿ ಬಂದಾಗ ನಮ್ಮ ಸೆನ್ಸರಿನ ಎಕೋ ಅರ್ಧಕ್ಕಿಳಿದಿತ್ತು. ಡೇಟಾಶೀಟಿನಲ್ಲಿ ‘ನ್ಯೂಕ್ಲಿಯರ್ ಗ್ರೇಡ್’ ಅಂತ ದಪ್ಪಕ್ಷರ, ಯಾವ ಲಿಥಿಯಂ ಅಂತ ಒಂದು ಸಾಲಿಲ್ಲ. ಫೋನ್ ಮಾಡಿದರೆ “ನೋಡಿ ಹೇಳ್ತೀವಿ ಸಾರ್”. ಸುಮ್ನೆ ಮೂರು ವಾರ ಕಾದೆ.

ಬಿಸಿ ಪೈಪಿಗಾದರೆ ಧೈರ್ಯವಾಗಿ ಕೊಳ್ಳಿ. ರಿಯಾಕ್ಟರ್ ಕೋರ್ ಹತ್ತಿರಕ್ಕಾದರೆ ನ್ಯೂಟ್ರಾನನ್ನು ಅಷ್ಟಾಗಿ ನುಂಗದ ಲಿಥಿಯಂ-7ರಿಂದ ಬೆಳೆಸಿದ ಹರಳನ್ನೇ ಕೇಳಿ, ಇಲ್ಲವೇ ಲಿಥಿಯಂ ಇಲ್ಲದ ಅಲ್ಯೂಮಿನಿಯಂ ನೈಟ್ರೈಡ್ ಹರಳು ನೋಡಿ. ಅದರ ಸಿಗ್ನಲ್ ಸಣ್ಣದು, ಆಂಪ್ಲಿಫೈಯರ್‌ಗೆ ಕೆಲಸ ಜಾಸ್ತಿ.