ಓಯೇ ತಾಣ: ಅಮೆರಿಕದ ಸುಪ್ರೀಂ ಕೋರ್ಟಿನ ಧರ್ಮದ ಕೇಸುಗಳನ್ನು ಮುಂಬಯಿಯಲ್ಲಿ ಕೂತು ಕೇಳುವ ಬಗೆ

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ದಿನದ ಕಲಾಪ ಶುರುವಾಗುವಾಗ ಮಾರ್ಷಲ್ ಎದ್ದು ನಿಂತು ಮೂರು ಸಲ ‘ಓಯೇ’ ಎಂದು ಕೂಗುತ್ತಾರೆ. ಕೇಳಿರಿ, ಕೇಳಿರಿ ಎಂದು ಅರ್ಥ. ‘ದೇವರು ಅಮೆರಿಕವನ್ನೂ ಈ ಮಾನ್ಯ ನ್ಯಾಯಾಲಯವನ್ನೂ ಕಾಪಾಡಲಿ’ ಎಂದು ಆ ಕೂಗು ಮುಗಿಯುತ್ತದೆ. ಅದಾದ ಮೇಲೆ ಅದೇ ಕೋರ್ಟು, ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಪ್ರಾರ್ಥನೆ ಹೇಳಿಸಬಹುದೇ, ಸರ್ಕಾರಿ ಜಾಗದಲ್ಲಿ ಬೈಬಲಿನ ದಶಾಜ್ಞೆಗಳ ಕಲ್ಲು ನಿಲ್ಲಿಸಬಹುದೇ ಎಂಬ ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳುತ್ತದೆ.

ಈ ಕೂಗನ್ನೇ ಹೆಸರಾಗಿ ಇಟ್ಟುಕೊಂಡಿರುವ ಉಚಿತ ತಾಣ ಓಯೇ. ಹುಡುಕುವಾಗ ಇಂಗ್ಲಿಷಿನ ಓ, ವೈ, ಇ, ಝಡ್ ಅಕ್ಷರಗಳನ್ನು ಒತ್ತಬೇಕು. ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಜೆರ್ರಿ ಗೋಲ್ಡ್‌ಮನ್ ಕಟ್ಟಿದ ಈ ತಾಣವನ್ನು ಈಗ ಕಾರ್ನೆಲ್ ವಿಶ್ವವಿದ್ಯಾಲಯದ ಲೀಗಲ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್, ಕಾನೂನು ಮಾಹಿತಿಯ ತಾಣ ಜಸ್ಟಿಯಾ ಮತ್ತು ಶಿಕಾಗೊ-ಕೆಂಟ್ ಕಾನೂನು ಕಾಲೇಜು ಸೇರಿ ನಡೆಸುತ್ತಿವೆ. ಚರ್ಚ್‌ಗೇಟಿನಲ್ಲೋ ಕಲೀನಾದಲ್ಲೋ ಕಾನೂನು ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ, ಅಮೆರಿಕದ ರಾಜಕೀಯದಲ್ಲಿ ಚರ್ಚಿನ ಹೆಸರು ಯಾಕೆ ಇಷ್ಟು ಕೇಳಿಬರುತ್ತದೆ ಎಂದು ತಿಳಿಯಬೇಕೆನ್ನುವ ಯಾರಿಗೇ ಆಗಲಿ, ಕಾಸು ಖರ್ಚಿಲ್ಲದೆ ಸಿಗುವ ಇಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಎಲ್ಲಿ ಹೋಯಿತು ಎಂಬುದು ಮುಂದೆ ಬರುತ್ತದೆ.

ಮೊದಲು ಸರಕು ಏನೆಂದು ನೋಡೋಣ. ಆ ಕೋರ್ಟಿನಲ್ಲಿ ವಾದಗಳನ್ನು ಧ್ವನಿಮುದ್ರಿಸಲು ಶುರುಮಾಡಿದ್ದು 1955ರ ಅಕ್ಟೋಬರಿನಲ್ಲಿ. ಅಲ್ಲಿಂದೀಚಿನ ವಾದಗಳ ಧ್ವನಿ ಓಯೇಯಲ್ಲಿದೆ. ಧ್ವನಿ ಓಡುತ್ತಿದ್ದಂತೆ ಅದರ ಅಕ್ಷರರೂಪವೂ ಪರದೆಯ ಮೇಲೆ ಸಾಲುಸಾಲಾಗಿ ಜೊತೆಗೇ ಸಾಗುತ್ತದೆ. ಯಾವ ಸಾಲನ್ನು ಒತ್ತಿದರೂ ಧ್ವನಿ ಅಲ್ಲಿಗೇ ಹಾರುತ್ತದೆ. ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ ಮಾತಾಡುತ್ತಿರುವ ನ್ಯಾಯಮೂರ್ತಿ ಯಾರೆಂದು ಹೆಸರು ತೋರಿಸುವುದು. ಕೋರ್ಟಿನ ಅಧಿಕೃತ ಪ್ರತಿಯಲ್ಲಿ 2004ರ ಅಕ್ಟೋಬರಿಗೆ ಮುಂಚೆ ನ್ಯಾಯಮೂರ್ತಿಗಳ ಹೆಸರೇ ಇರುತ್ತಿರಲಿಲ್ಲ. ಯಾರು ಕೇಳಿದರೂ ಬರೀ ‘ಪ್ರಶ್ನೆ’ ಎಂದಷ್ಟೇ ಅಚ್ಚಾಗುತ್ತಿತ್ತು. ಧರ್ಮದ ಕೇಸಿನಲ್ಲಿ ಪ್ರಶ್ನೆ ಕೇಳಿದ್ದು ಸಂಪ್ರದಾಯವಾದಿ ಸ್ಕಾಲಿಯಾ ಅವರೋ ಉದಾರವಾದಿ ಗಿನ್ಸ್‌ಬರ್ಗ್ ಅವರೋ ಎಂಬುದು ಗೊತ್ತಾಗದಿದ್ದರೆ ಅರ್ಧ ಸ್ವಾರಸ್ಯ ಹೋದಂತೆ.

ಹಾಗೆಂದು 1955ಕ್ಕೆ ಹಿಂದಿನದನ್ನು ಇಲ್ಲಿ ಕೇಳಲು ಹೋದರೆ ನಿರಾಸೆ ಖಂಡಿತ. ಧರ್ಮಸ್ವಾತಂತ್ರ್ಯದ ಕಲಮು ರಾಜ್ಯ ಸರ್ಕಾರಗಳಿಗೂ ಅನ್ವಯಿಸುತ್ತದೆಂದ 1940ರ ಕ್ಯಾಂಟ್‌ವೆಲ್, ಧ್ವಜವಂದನೆಗೆ ಮಕ್ಕಳನ್ನು ಬಲವಂತ ಮಾಡಬಾರದೆಂದ 1943ರ ಬಾರ್ನೆಟ್, ಜೆಫರ್ಸನ್ 1802ರ ಪತ್ರದಲ್ಲಿ ಹೇಳಿದ ಚರ್ಚು-ಸರ್ಕಾರದ ನಡುವಿನ ‘ಗೋಡೆ’ಯನ್ನು ಕಾನೂನಿನ ಮಾತಾಗಿ ನಿಲ್ಲಿಸಿದ 1947ರ ಎವರ್ಸನ್, ಇವು ಮೂರೂ ಅಡಿಪಾಯದ ಕೇಸುಗಳು. ಮೂರಕ್ಕೂ ಓದೇ ಗತಿ. ವಾದವೇ ನಡೆಯದೆ ತೀರ್ಮಾನವಾದ ಕೇಸುಗಳಿಗೂ ಧ್ವನಿ ಇಲ್ಲ. ತರಗತಿಯ ಗೋಡೆಗೆ ದಶಾಜ್ಞೆ ತೂಗುಹಾಕಿದ್ದನ್ನು ತಳ್ಳಿಹಾಕಿದ 1980ರ ಸ್ಟೋನ್ ವಿ. ಗ್ರಹಾಂ ಅಂಥದ್ದು.

ಬಳಸುವ ಕ್ರಮವೂ ಮುಖ್ಯ. ಕೇಸಿನ ಪುಟ ತೆರೆದರೆ ಮೂರು ತುಂಡು ಬರಹ ಸಿಗುತ್ತವೆ: ಸಂಗತಿ, ಪ್ರಶ್ನೆ, ನಿರ್ಣಯ. ಮೊದಲೆರಡನ್ನು ಓದಿ, ನಿರ್ಣಯಕ್ಕೆ ಕೈಹಾಕದೆ ನೇರವಾಗಿ ವಾದಕ್ಕೆ ಹೋಗಬೇಕು. ಯಾರು ಗೆದ್ದರೆಂದು ಮೊದಲೇ ಗೊತ್ತಾದರೆ ಸೋತವರ ವಾದ ಕಿವಿಗೆ ಸಪ್ಪೆಯಾಗಿ ಬೀಳುತ್ತದೆ. ಮೇಲ್ಮನವಿ ತಂದವರು ಮೊದಲು, ಎದುರಾಳಿ ಆಮೇಲೆ, ಕೊನೆಗೆ ಮೊದಲಿನವರಿಗೆ ಕೆಲವು ನಿಮಿಷದ ಮರುಮಾತು. 1970ರಿಂದೀಚೆಗೆ ವಾಡಿಕೆಯಂತೆ ಒಂದೊಂದು ಕಡೆಗೆ ಅರ್ಧ ಗಂಟೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ ಹಿಡಿದರೆ ಅಂಥ ಒಂದು ಕೇಸು ಪೂರ್ತಿಯಾಗಿ ಮುಗಿಯುತ್ತದೆ. 2021ರ ನಂತರದ ಕೇಸುಗಳಿಗೆ ಈ ಲೆಕ್ಕ ನಡೆಯದು. ವಕೀಲರ ಸಮಯ ಮುಗಿದ ಮೇಲೆ ನ್ಯಾಯಮೂರ್ತಿಗಳು ಹಿರಿತನದ ಪ್ರಕಾರ ಒಬ್ಬೊಬ್ಬರಾಗಿ ಪ್ರಶ್ನೆ ಕೇಳುವ ಸುತ್ತೊಂದು ಸೇರಿಕೊಂಡಿರುವುದರಿಂದ ವಾದ ಎಷ್ಟೋ ಸಲ ಎರಡು ಗಂಟೆಯ ಹತ್ತಿರ ಬರುತ್ತದೆ. ರೈಲಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ ಎನ್ನುವವರು ಕೋರ್ಟಿನ ಸ್ವಂತ ತಾಣಕ್ಕೆ ಹೋಗಿ, 2010ರ ಅಕ್ಟೋಬರಿನಿಂದೀಚಿನ ವಾದಗಳ ಎಂಪಿ3 ಫೈಲನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡುವುದು ಒಳ್ಳೆಯದು.

ಹುಡುಕುವಾಗ ಆಗುವ ತಪ್ಪು ಸಾಮಾನ್ಯವಾಗಿ ಒಂದೇ ಬಗೆಯದು. ಒಂದೇ ಹೆಸರಿನಲ್ಲಿ ಎರಡು ತೀರ್ಪುಗಳಿರುತ್ತವೆ. ಎಂಪ್ಲಾಯ್ಮೆಂಟ್ ಡಿವಿಷನ್ ವಿ. ಸ್ಮಿತ್ 1988ರಲ್ಲಿ ಒಮ್ಮೆ ಬಂದು ಕೆಳಗಿನ ಕೋರ್ಟಿಗೆ ವಾಪಸು ಹೋಯಿತು, 1990ರಲ್ಲಿ ಮತ್ತೆ ಬಂತು. ಕಾನೂನನ್ನೇ ಬದಲಿಸಿದ್ದು ಎರಡನೆಯದು. ಲೆಮನ್ ವಿ. ಕರ್ಟ್ಜ್‌ಮನ್ ಕೂಡ 1971ರಲ್ಲಿ ಒಂದು, 1973ರಲ್ಲಿ ಇನ್ನೊಂದು. ಸರ್ಕಾರ ಧರ್ಮದ ಜೊತೆ ಬೆರೆಯುತ್ತಿದೆಯೇ ಎಂದು ಅಳೆಯುವ ಮೂರು ಅಂಶಗಳ ಪರೀಕ್ಷೆ ಹೇಳಿದ್ದು ಮೊದಲನೆಯದು. ಆದ್ದರಿಂದ ಹೆಸರಿನ ಜೊತೆಗೆ ಇಸವಿಯನ್ನೂ, ಸಾಧ್ಯವಾದರೆ ವರದಿಯ ಸಂಖ್ಯೆಯನ್ನೂ ತಾಳೆ ನೋಡಬೇಕು. ಎರಡನೆಯ ಸ್ಮಿತ್‌ಗೆ ಅದು 494 ಯು.ಎಸ್. 872, ಅಂದರೆ ತೀರ್ಪುಗಳ ಅಧಿಕೃತ ವರದಿಯ 494ನೇ ಸಂಪುಟ, 872ನೇ ಪುಟ.

ಈ ಸ್ಮಿತ್ ಕೇಸನ್ನು ಬಿಟ್ಟು ಅಮೆರಿಕದ ಧರ್ಮ-ರಾಜಕೀಯ ಅರ್ಥವಾಗುವುದಿಲ್ಲ. ನೇಟಿವ್ ಅಮೆರಿಕನ್ ಚರ್ಚಿನ ಪೂಜೆಯಲ್ಲಿ ಪೆಯೋಟಿ ಎಂಬ ಕಳ್ಳಿಯನ್ನು ಪ್ರಸಾದದಂತೆ ಸೇವಿಸಿದ ಇಬ್ಬರು ಕೆಲಸ ಕಳೆದುಕೊಂಡರು. ಒರೆಗಾನ್ ರಾಜ್ಯ ಅವರಿಗೆ ನಿರುದ್ಯೋಗ ಭತ್ಯೆಯನ್ನೂ ಕೊಡಲಿಲ್ಲ. ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸುವ, ಯಾವ ಧರ್ಮವನ್ನೂ ಗುರಿಮಾಡದ ಕಾನೂನು ಇದ್ದರೆ ಧರ್ಮದ ಹೆಸರಿನಲ್ಲಿ ವಿನಾಯಿತಿ ಕೇಳುವಂತಿಲ್ಲ ಎಂದು ಸ್ಕಾಲಿಯಾ ಬರೆದರು. ಅದಕ್ಕೆ ಎಡದವರೂ ಬಲದವರೂ ಒಟ್ಟಾಗಿ ಸಿಟ್ಟಾದರು. 1993ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್, ವಿನಾಯಿತಿಯ ದಾರಿ ಮತ್ತೆ ತೆರೆಯಲು, ಧರ್ಮಸ್ವಾತಂತ್ರ್ಯ ಪುನಃಸ್ಥಾಪನಾ ಕಾಯ್ದೆ ತಂದಿತು. ಸೆನೆಟ್ಟಿನಲ್ಲಿ 97 ಮತ ಪರ, 3 ವಿರುದ್ಧ. 1997ರ ಬೋರ್ನಿ ತೀರ್ಪಿನಲ್ಲಿ ಕೋರ್ಟು ಆ ಕಾಯ್ದೆ ರಾಜ್ಯಗಳಿಗೆ ಅನ್ವಯಿಸದು ಎಂದಿತು. ಕೇಂದ್ರ ಸರ್ಕಾರದ ಮಟ್ಟಿಗೆ ಅದು ಉಳಿಯಿತು. ಉದ್ಯೋಗಿಗಳ ವಿಮೆಯಲ್ಲಿ ಕೆಲವು ಗರ್ಭನಿರೋಧಕಗಳನ್ನು ಸೇರಿಸಲಾರೆವು ಎಂದ ಹಾಬಿ ಲಾಬಿ ಕಂಪನಿ 2014ರಲ್ಲಿ 5-4ರಿಂದ ಗೆದ್ದದ್ದು ಅದೇ ಕಾಯ್ದೆಯ ಬಲದಿಂದ. ಎಲ್ಲರೂ ಕೂಡಿ ತಂದ ಕಾಯ್ದೆ ಇಪ್ಪತ್ತೊಂದು ವರ್ಷದಲ್ಲಿ ಪಕ್ಷಗಳ ನಡುವಿನ ಜಗಳದ ವಸ್ತುವಾಯಿತು. ಓಯೇಯಲ್ಲಿ ಈ ಸರಪಣಿಯ ಕೋರ್ಟಿನ ಕೊಂಡಿಗಳು ಮಾತ್ರ ಸಿಗುತ್ತವೆ. ನಡುವೆ ಕಾಂಗ್ರೆಸ್ ಮಾಡಿದ್ದನ್ನು ಕಾಂಗ್ರೆಸ್ಸಿನ ತಾಣದಲ್ಲಿ ಬೇರೆಯಾಗಿ ಓದಿ ಜೋಡಿಸಿಕೊಳ್ಳಬೇಕು.

ಇನ್ನು ಕೇಳಲೇಬೇಕಾದ ಒಂದು ವಾದ: 2004ರ ಎಲ್ಕ್ ಗ್ರೋವ್ ವಿ. ನ್ಯೂಡೋ. ಅಮೆರಿಕದ ಶಾಲೆಗಳಲ್ಲಿ ಹೇಳಿಸುವ ರಾಷ್ಟ್ರನಿಷ್ಠೆಯ ಪ್ರತಿಜ್ಞೆಗೆ ‘ದೇವರ ಅಡಿಯಲ್ಲಿ’ ಎಂಬ ಮಾತು 1954ರಲ್ಲಿ ಸೇರಿಕೊಂಡಿತು. ಮಗಳ ಶಾಲೆಯಲ್ಲಿ ಅದು ಬೇಡವೆಂದು ಮೈಕೆಲ್ ನ್ಯೂಡೋ ಎಂಬ ನಾಸ್ತಿಕ ತಂದೆ ಕೇಸು ಹಾಕಿ, ಸುಪ್ರೀಂ ಕೋರ್ಟಿನಲ್ಲಿ ತಾವೇ ನಿಂತು ವಾದಿಸಿದರು. ಈ ಮಾತು ದೇಶವನ್ನು ಒಡೆಯುತ್ತದೆ ಎನ್ನುತ್ತೀರಲ್ಲ, ಕಾಂಗ್ರೆಸ್ಸಿನಲ್ಲಿ ಇದಕ್ಕೆ ಎಷ್ಟು ಮತ ಬಿತ್ತು ಎಂದು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಕೇಳುತ್ತಾರೆ. ಸರ್ವಾನುಮತ ಎಂದು ಉತ್ತರ. ಹಾಗಾದರೆ ಒಡೆಯುವ ಹಾಗೆ ಕಾಣುವುದಿಲ್ಲವಲ್ಲ ಎಂದು ರೆನ್‌ಕ್ವಿಸ್ಟ್. ನಾಸ್ತಿಕರು ಯಾರೂ ಚುನಾವಣೆಯಲ್ಲಿ ಗೆಲ್ಲಲಾಗದ ಕಾರಣಕ್ಕೇ ಅದು ಸರ್ವಾನುಮತವಾಯಿತು ಎಂದು ನ್ಯೂಡೋ ತಟ್ಟನೆ ಹೇಳುತ್ತಾರೆ. ಆ ಕೋರ್ಟಿನಲ್ಲಿ ಎಂದೂ ಕೇಳದ ಚಪ್ಪಾಳೆ ಕೇಳುತ್ತದೆ. ಇನ್ನೊಮ್ಮೆ ಚಪ್ಪಾಳೆ ಬಿದ್ದರೆ ಕೋರ್ಟು ಖಾಲಿ ಮಾಡಿಸುತ್ತೇನೆ ಎಂದು ರೆನ್‌ಕ್ವಿಸ್ಟ್ ಗದರುತ್ತಾರೆ. ಅಮೆರಿಕದ ಸಂವಿಧಾನದ ಆರನೆಯ ವಿಧಿ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಎನ್ನುತ್ತದೆ. ಮತಪೆಟ್ಟಿಗೆಯ ಮುಂದೆ ಆ ಪರೀಕ್ಷೆ ನಡೆಯುತ್ತಲೇ ಇದೆ ಎಂಬುದನ್ನು ಈ ಅರ್ಧ ನಿಮಿಷದಷ್ಟು ಚೆನ್ನಾಗಿ ಯಾವ ಪಠ್ಯಪುಸ್ತಕವೂ ಕಲಿಸದು. ಕೇಸಿನ ತೀರ್ಮಾನ ಮಾತ್ರ ಮಗಳ ಪರವಾಗಿ ದಾವೆ ಹೂಡುವ ಅಧಿಕಾರ ತಂದೆಗಿಲ್ಲ ಎಂಬಲ್ಲೇ ನಿಂತಿತು. ಮೂಲ ಪ್ರಶ್ನೆ ಹಾಗೇ ಉಳಿಯಿತು.

ನಮ್ಮವರಿಗೆ ಹೆಚ್ಚು ಬೆಲೆಬಾಳುವುದು ಬೇರೊಂದು. ನಮ್ಮ ಸುಪ್ರೀಂ ಕೋರ್ಟು 1954ರಲ್ಲಿ ಉಡುಪಿಯ ಶಿರೂರು ಮಠದ ಕೇಸಿನಲ್ಲಿ ಅಮೆರಿಕದ 1890ರ ಡೇವಿಸ್ ವಿ. ಬೀಸನ್ ಕೊಟ್ಟ ಧರ್ಮದ ವ್ಯಾಖ್ಯಾನವನ್ನು ಎದುರಿಗಿಟ್ಟುಕೊಂಡು ಅದು ಸಾಲದು ಎಂದಿತು. ನಂಬಿಕೆಯಷ್ಟೇ ಅಲ್ಲ, ಆಚರಣೆಯೂ ಧರ್ಮವೇ ಎಂದಿತು. ಯಾವ ಆಚರಣೆ ಧರ್ಮಕ್ಕೆ ಅತ್ಯಗತ್ಯ ಎಂದು ಅಳೆಯುವ ಪದ್ಧತಿ ಬೆಳೆದದ್ದು ಅಲ್ಲಿಂದ. ಅಮೆರಿಕದ ಕೋರ್ಟು ಆ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ಧರ್ಮಸ್ವಾತಂತ್ರ್ಯದ ಕಾಯ್ದೆಗಳಡಿ ಅಲ್ಲಿ ಕೇಳುವುದು ನಂಬಿಕೆ ಪ್ರಾಮಾಣಿಕವೇ, ಸರ್ಕಾರ ಅದಕ್ಕೆ ಹಾಕಿದ ಅಡ್ಡಿ ಎಷ್ಟು ಭಾರದ್ದು, ಬೇರೆ ದಾರಿ ಇತ್ತೇ ಎಂದು. 2015ರಲ್ಲಿ ತೀರ್ಪು ಬಂದ ಹೋಲ್ಟ್ ವಿ. ಹಾಬ್ಸ್ ವಾದ ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಆರ್ಕನ್ಸಾಸ್ ಜೈಲಿನ ಮುಸ್ಲಿಂ ಕೈದಿಯೊಬ್ಬ, ರಾಜ್ಯಗಳ ಜೈಲುಗಳಿಗೂ ಅನ್ವಯಿಸುವ 2000ರ ಇನ್ನೊಂದು ಕಾಯ್ದೆಯಡಿ, ಅರ್ಧ ಇಂಚು ಗಡ್ಡ ಬಿಡಲು ಅನುಮತಿ ಕೇಳಿದ್ದ. ಗಡ್ಡದಲ್ಲಿ ಏನಾದರೂ ಬಚ್ಚಿಡಬಹುದು ಎಂಬುದು ಜೈಲಿನ ವಾದ. ಹಾಗಾದರೆ ಕೈಗೊಂದು ಬಾಚಣಿಗೆ ಕೊಟ್ಟು ಬಾಚಿಸಿ ನೋಡಬಹುದಲ್ಲ, ಸಿಮ್ ಕಾರ್ಡೋ ಪುಟ್ಟ ರಿವಾಲ್ವರೋ ಇದ್ದರೆ ಉದುರುತ್ತದೆ ಎಂದು ನ್ಯಾಯಮೂರ್ತಿ ಅಲಿಟೊ ಕೇಳುತ್ತಾರೆ. ಗಡ್ಡ ಇಸ್ಲಾಮಿಗೆ ಅತ್ಯಗತ್ಯವೇ ಎಂಬ ಚರ್ಚೆಯಲ್ಲಿ ಕೇಸು ಸಿಕ್ಕಿಕೊಳ್ಳುವುದೇ ಇಲ್ಲ. ಒಂಬತ್ತು ಮಂದಿಯೂ ಕೈದಿಯ ಪರ. ಕರ್ನಾಟಕದ ಹಿಜಾಬ್ ಕೇಸಿನಲ್ಲಿ 2022ರ ಹೈಕೋರ್ಟ್ ತೀರ್ಪನ್ನು ಇದರ ಪಕ್ಕಕ್ಕಿಟ್ಟು ಓದಿದರೆ ಎರಡು ದೇಶಗಳ ತಕ್ಕಡಿ ಎಲ್ಲಿ ಬೇರೆಯಾಗುತ್ತದೆಂದು ಕೈಯಾರೆ ಮುಟ್ಟಿ ನೋಡಿದಂತಾಗುತ್ತದೆ. ತೌಲನಿಕ ಸಂವಿಧಾನದ ಪತ್ರಿಕೆಗೆ ಕೂರುವವರು ಈ ಜೋಡಿಯನ್ನು ಬಿಡಬಾರದು.

ಈಗ ಕಳೆದ ಆ ಒಂದು ಅಂಕದ ವಿಷಯ. ಓಯೇಯ ‘ನಿರ್ಣಯ’ ಭಾಗ ತೀರಾ ಚಿಕ್ಕದು, ಅದನ್ನೇ ನಂಬಿ ಉತ್ತರ ಬರೆದರೆ ಎಡವುತ್ತೀರಿ. 2022ರ ಕೆನೆಡಿ ವಿ. ಬ್ರೆಮರ್ಟನ್ ನೋಡಿ. ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಪಂದ್ಯ ಮುಗಿದ ಮೇಲೆ ಮೈದಾನದ ನಡುಗೆರೆಯಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. 6-3ರಿಂದ ಅವರು ಗೆದ್ದರು, ಲೆಮನ್ ಪರೀಕ್ಷೆಯನ್ನು ಕೋರ್ಟು ಕೈಬಿಟ್ಟಿತು. ಆದರೆ ಅಲ್ಲಿ ನಿಜವಾದ ಜಗಳ ನಡೆದದ್ದು ಸಂಗತಿಗಳ ಬಗ್ಗೆಯೇ. ಗೋರ್ಸಚ್ ಬರೆದ ತೀರ್ಪಿನಲ್ಲಿ ಅದು ಒಬ್ಬನ ಮೌನ ಪ್ರಾರ್ಥನೆ. ಸೋಟೊಮೇಯರ್ ಅವರ ಭಿನ್ನ ತೀರ್ಪಿನಲ್ಲಿ ಆಟಗಾರರು ಸುತ್ತುವರಿದ ಫೋಟೋಗಳೇ ಅಚ್ಚಾಗಿವೆ. ಎರಡು ಪ್ಯಾರಾದ ಸಾರಾಂಶದಲ್ಲಿ ಇದು ಹಿಡಿಸುವುದಿಲ್ಲ. ಪುಟದಲ್ಲಿರುವ ಜಸ್ಟಿಯಾದ ಕೊಂಡಿ ಒತ್ತಿ ತೀರ್ಪನ್ನೂ ಭಿನ್ನ ತೀರ್ಪನ್ನೂ ಓದಲೇಬೇಕು. 2005ರ ಜೂನ್ 27ರಂದು ಒಂದೇ ದಿನ ಬಂದ ದಶಾಜ್ಞೆಯ ಎರಡು ತೀರ್ಪುಗಳಿಗೂ ಇದೇ ಮಾತು. ಕೆಂಟಕಿಯ ಕೋರ್ಟುಕಟ್ಟಡದ ಫಲಕ ಬೇಡವೆಂದಾಯಿತು, ಟೆಕ್ಸಸ್ ಶಾಸನಸಭೆಯ ಆವರಣದ ಕಲ್ಲು ಇರಲಿ ಎಂದಾಯಿತು, ಎರಡೂ 5-4. ಎರಡರಲ್ಲೂ ಗೆದ್ದ ಕಡೆಗಿದ್ದವರು ಬ್ರೇಯರ್ ಒಬ್ಬರೇ. ಟೆಕ್ಸಸ್ ಕೇಸಿನಲ್ಲಿ ಅವರು ಪ್ರತ್ಯೇಕವಾಗಿ ಬರೆದ ಸಮ್ಮತಿ ತೀರ್ಪಿನಲ್ಲೇ ಕೀಲಿಕೈ ಇದೆ.

ಎರಡನೆಯ ಕೊರತೆ ತಾಣದ ತಪ್ಪಲ್ಲ, ಆದರೂ ಗೊತ್ತಿರಬೇಕು. ಕೋವಿಡ್ ಕಾಲದಲ್ಲಿ ಚರ್ಚುಗಳಲ್ಲಿ, ಮನೆಯ ಪ್ರಾರ್ಥನಾಕೂಟಗಳಲ್ಲಿ ಎಷ್ಟು ಜನ ಸೇರಬಹುದೆಂಬ ಜಗಳಗಳು ತುರ್ತು ಅರ್ಜಿಗಳಾಗಿ ಬಂದವು. 2020ರ ನವೆಂಬರಿನ ಬ್ರೂಕ್ಲಿನ್ ಡಯೊಸಿಸ್ ಆದೇಶ, 2021ರ ಏಪ್ರಿಲಿನ ಟ್ಯಾಂಡನ್ ಆದೇಶ, ಎರಡೂ ವಾದ ಕೇಳದೆ ಹೊರಟವು, ಎರಡೂ ಕಾನೂನನ್ನು ಬಹಳ ಮುಂದಕ್ಕೆ ತಳ್ಳಿದವು. ಕಿವಿಯೊಂದನ್ನೇ ನೆಚ್ಚಿಕೊಂಡವರಿಗೆ ಇವು ತಪ್ಪಿಹೋಗುತ್ತವೆ. ತೀರ್ಪು ಓದಿ ಹೇಳುವ ದಿನದ ಧ್ವನಿಯೂ ಕೂಡಲೇ ಸಿಗುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕು.

ನೇರವಾಗಿ ಕೇಳುವ ಆಸೆಯಿದ್ದರೆ ಓಯೇ ಬಿಟ್ಟು ಕೋರ್ಟಿನ ತಾಣಕ್ಕೇ ಹೋಗಬೇಕು. 2020ರ ಮೇ ತಿಂಗಳಲ್ಲಿ ಶುರುವಾದ ನೇರ ಧ್ವನಿ ಪ್ರಸಾರ ಈಗಲೂ ಇದೆ, ಚಿತ್ರ ಇಲ್ಲ. ವಾದಗಳು ಅಕ್ಟೋಬರಿನ ಮೊದಲ ಸೋಮವಾರದಿಂದ ಏಪ್ರಿಲ್ ಕೊನೆಯವರೆಗೆ, ನಿಗದಿಯಾದ ವಾರಗಳ ಸೋಮವಾರ, ಮಂಗಳವಾರ, ಬುಧವಾರ. ವಾಷಿಂಗ್ಟನ್ನಿನ ಬೆಳಗಿನ 10 ಎಂದರೆ ಮುಂಬಯಿಯಲ್ಲಿ ಸಂಜೆ 7.30. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 8.30, ಮಾರ್ಚಿನ ಎರಡನೇ ಭಾನುವಾರದಿಂದ ಮತ್ತೆ 7.30. ಹೋಟೆಲಿನ ಗಲ್ಲಾದಲ್ಲಿ ಕೂರುವವರಿಗೆ ಅದು ರಶ್ಶಿನ ಹೊತ್ತು. ಅಂಥವರಿಗೆ ಮರುದಿನದ ಲೋಕಲ್ಲೇ ಸರಿ. ವಾದದ ಅಕ್ಷರಪ್ರತಿ ಅದೇ ದಿನ ಕೋರ್ಟಿನ ತಾಣಕ್ಕೆ ಬಂದಿರುತ್ತದೆ, 2017ರ ನವೆಂಬರಿನಿಂದೀಚಿನ ಕೇಸುಗಳಿಗೆ ಎರಡೂ ಕಡೆಯ ಲಿಖಿತ ವಾದಗಳೂ ಅಲ್ಲೇ ಪುಕ್ಕಟೆ.

ಒಂದೇ ವಾರ ಬಿಡುವಿದ್ದರೆ ಐದು ವಾದ ಸಾಕು, ಈ ಸಾಲಿನಲ್ಲಿ: 1962ರ ಎಂಗೆಲ್ (ನ್ಯೂಯಾರ್ಕ್ ಶಾಲೆಯ 22 ಪದಗಳ ಪ್ರಾರ್ಥನೆ), 1971ರ ಡಿಸೆಂಬರಿನಲ್ಲಿ ವಾದ ನಡೆದ ಯೋಡರ್ (ಆಧುನಿಕ ಬದುಕಿನಿಂದ ದೂರವಿರುವ ಆಮಿಶ್ ಕ್ರೈಸ್ತ ಪಂಥದ ಮಕ್ಕಳ ಶಾಲೆ), ಎರಡನೆಯ ಸ್ಮಿತ್, ನ್ಯೂಡೋ, ಕೆನೆಡಿ. ಎಂಗೆಲ್ ಟೇಪು ಹಳೆಯದು. ಲೋಕಲಿನ ಗದ್ದಲದಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಂಡು, ಅಕ್ಷರಗಳ ಮೇಲೆ ಕಣ್ಣಿಟ್ಟು, ಮನೆಯಲ್ಲಿ ಕೇಳಿ.