ಡೇನಿಷ್ ಯೋಧನ ಸಾಕ್ಷ್ಯಚಿತ್ರಕ್ಕೆ ಕೊಟ್ಟ ವಂತಿಗೆ: ಒಂದು ವಿಮರ್ಶೆ

ಆಂಡರ್ಸ್ ಲಾಸೆನ್ ಎಂಬ ಡೇನಿಷ್ ಯೋಧನ ಕುರಿತ ಸಾಕ್ಷ್ಯಚಿತ್ರವೊಂದಕ್ಕೆ ಜಾಲತಾಣದ ಮೂಲಕ ವಂತಿಗೆ ಎತ್ತುವ ಅಭಿಯಾನಕ್ಕೆ ನಾನು 250 ಡೇನಿಷ್ ಕ್ರೋನರ್ ಕೊಟ್ಟು ಒಂದೂವರೆ ವರ್ಷವಾಯಿತು. ಚಿತ್ರ ಇನ್ನೂ ಮುಗಿದಿಲ್ಲ. ಆದರೆ ಹಣ ಕೊಟ್ಟವರಿಗೆಂದು ಕಳುಹಿಸಿದ ಇಪ್ಪತ್ತು ನಿಮಿಷಗಳ ಕರಡು ಭಾಗ, ಹನ್ನೊಂದು ಪ್ರಗತಿ ಪತ್ರಗಳು ಮತ್ತು ಅಂಚು ಮಡಿಚಿಹೋದ ಒಂದು ಭಿತ್ತಿಚಿತ್ರ ನನ್ನ ಕೈ ಸೇರಿವೆ. ಇಂಥ ಅಭಿಯಾನಕ್ಕೆ ಹಣ ಹಾಕಬಹುದೇ ಎಂದು ಯೋಚಿಸುತ್ತಿರುವವರಿಗೆ ಹೇಳಬಹುದಾದಷ್ಟು ಅನುಭವ ಇದರಿಂದ ಆಗಿದೆ. ತಂಡ ಸಣ್ಣದು, ಕೆಲಸ ಇನ್ನೂ ನಡೆಯುತ್ತಿದೆ. ಆದ್ದರಿಂದ ತಂಡದ ಹೆಸರನ್ನಾಗಲಿ ಜಾಲತಾಣದ ಹೆಸರನ್ನಾಗಲಿ ಇಲ್ಲಿ ಎತ್ತುವುದಿಲ್ಲ.

ಬೆಳಗಾವಿಯಲ್ಲಿ ಕುಳಿತವನಿಗೆ ಡೆನ್ಮಾರ್ಕಿನ ಯೋಧನ ಮೇಲೆ ಏಕೆ ಆಸಕ್ತಿ ಎಂದು ಮನೆಯಲ್ಲಿಯೇ ಕೇಳಿದರು. ಆ ಉತ್ತರ ಇಟಲಿಯ ಒಂದು ನದಿಯ ದಡದಲ್ಲಿದೆ, ಅದಕ್ಕೆ ಮುಂದೆ ಬರುತ್ತೇನೆ. ಮೊದಲು ಅಭಿಯಾನದ ಪುಟವನ್ನೇ ನೋಡೋಣ, ಏಕೆಂದರೆ ಹಣ ಕೊಡುವಾಗ ನಮ್ಮ ಮುಂದಿರುವುದು ಅದೊಂದೇ.

ಪುಟದ ಮೇಲ್ಭಾಗದಲ್ಲಿ ಎರಡು ನಿಮಿಷಗಳ ಪರಿಚಯ ಚಿತ್ರವಿತ್ತು. ಬಿಲ್ಲು ಹಿಡಿದ ಯುವಕನ ನೆರಳು, ಅಲೆಗಳ ಸದ್ದು, ಗಂಭೀರ ದನಿಯ ನಿರೂಪಣೆ. ಲಾಸೆನ್ ಬೇಟೆಯಲ್ಲಿ ಪಳಗಿದವನು, ಬಿಲ್ಲುಬಾಣದ ಮೇಲೆ ಆತನಿಗೆ ವಿಶೇಷ ಒಲವಿತ್ತು ಎಂಬುದು ನಿಜವೇ. ಆದರೂ ಆ ನೆರಳನ್ನು ನೋಡಿದಾಗ, ಇವರು ಮನುಷ್ಯನನ್ನು ಬಿಟ್ಟು ದಂತಕಥೆಯನ್ನು ಹಿಡಿದಿದ್ದಾರೇನೋ ಎಂಬ ಅನುಮಾನ ಬಂದಿತು. ಕೆಳಗಿನ ಬರಹ ಆ ಅನುಮಾನವನ್ನು ಬಹುಮಟ್ಟಿಗೆ ಕಳೆಯಿತು. ಲಾಸೆನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 22ರಂದು, ದಕ್ಷಿಣ ಜೀಲ್ಯಾಂಡಿನ ಜಮೀನ್ದಾರಿ ಮನೆತನದಲ್ಲಿ. ಹದಿಹರೆಯದಲ್ಲಿಯೇ ವ್ಯಾಪಾರಿ ಹಡಗು ಸೇರಿದವನು. 1940ರ ಏಪ್ರಿಲ್ 9ರಂದು ಜರ್ಮನಿ ತನ್ನ ದೇಶವನ್ನು ಕೆಲವೇ ಗಂಟೆಗಳಲ್ಲಿ ಆಕ್ರಮಿಸಿಕೊಂಡ ಬಳಿಕ ಬ್ರಿಟನ್ನನ್ನು ತಲುಪಿ ಕಮಾಂಡೊ ಪಡೆಗೆ ಸೇರಿದವನು. ಇಷ್ಟನ್ನು ಪುಟ ಅಬ್ಬರವಿಲ್ಲದೆ ಹೇಳಿತ್ತು. (ಹೆಸರನ್ನು ನಾವು ಆಂಡರ್ಸ್ ಎಂದು ಬರೆದರೂ ಡೇನಿಷರ ಬಾಯಲ್ಲಿ ನಡುವಿನ 'ಡ' ಕೇಳಿಸುವುದೇ ಇಲ್ಲ, ಪರಿಚಯ ಚಿತ್ರವನ್ನು ಮೂರು ಸಲ ಕೇಳಿದ ಮೇಲೆ ಇದು ನನಗೆ ತಿಳಿಯಿತು.)

ನನ್ನನ್ನು ಹಣ ಕೊಡುವಂತೆ ಮಾಡಿದ್ದು ಸಾರ್ಕ್ ದ್ವೀಪದ ಕುರಿತ ಒಂದು ಪರಿಚ್ಛೇದ. 1942ರ ಅಕ್ಟೋಬರ್ 3ರ ರಾತ್ರಿ ಇಂಗ್ಲಿಷ್ ಕಾಲುವೆಯ ಆ ಪುಟ್ಟ ದ್ವೀಪದ ಮೇಲೆ ಇಳಿದ ಸಣ್ಣ ತುಕಡಿಯಲ್ಲಿ ಲಾಸೆನ್ ಇದ್ದ. ಸೆರೆಸಿಕ್ಕ ಜರ್ಮನ್ ಸೈನಿಕರ ಕೈ ಕಟ್ಟಿದ್ದು, ಗದ್ದಲದಲ್ಲಿ ಅವರಲ್ಲಿ ಕೆಲವರು ಹತರಾದದ್ದು, ಅದರ ಬೆನ್ನಿಗೇ ಅಕ್ಟೋಬರ್ 18ರಂದು ಹಿಟ್ಲರ್ ಸೆರೆಸಿಕ್ಕ ಕಮಾಂಡೊಗಳನ್ನು ಕೊಲ್ಲುವಂತೆ ರಹಸ್ಯ ಆದೇಶ ಹೊರಡಿಸಿದ್ದು, ಈ ಮೂರನ್ನೂ ಪುಟ ಮುಚ್ಚಿಡದೆ ಒಂದರ ಪಕ್ಕ ಒಂದನ್ನು ಇಟ್ಟಿತ್ತು. ನಾಯಕನನ್ನು ಮೆಚ್ಚಿಸಲು ಹೊರಟ ತಂಡ ಇದನ್ನು ಬಿಟ್ಟುಬಿಡಬಹುದಾಗಿತ್ತು. ಬಿಡಲಿಲ್ಲ ಎಂಬ ಕಾರಣಕ್ಕೆ ನಾನು ಕಾರ್ಡನ್ನು ಹೊರಗೆ ತೆಗೆದೆ.

ಇನ್ನು ಹಣದ ವಿಷಯ. ಕನ್ನಡ ಪ್ರೇಕ್ಷಕರಿಗೆ ಈ ಪದ್ಧತಿ ಹೊಸದೇನಲ್ಲ; ಪವನ್ ಕುಮಾರ್ ಅವರ 2013ರ 'ಲೂಸಿಯಾ' ಪ್ರೇಕ್ಷಕರು ಕೂಡಿಸಿದ ಹಣದಿಂದಲೇ ತಯಾರಾಯಿತು. ಆದರೆ ವಿದೇಶಿ ಜಾಲತಾಣದಲ್ಲಿ, ವಿದೇಶಿ ನಾಣ್ಯದಲ್ಲಿ ವಂತಿಗೆ ಕೊಡುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ನಾನು ಬಳಸಿದ ತಾಣ 'ಪೂರ್ತಿ ಅಥವಾ ಏನೂ ಇಲ್ಲ' ಎಂಬ ನಿಯಮದ್ದು, ಅಂದರೆ ಗೊತ್ತುಪಡಿಸಿದ ಗುರಿ ನಿಗದಿತ ದಿನದೊಳಗೆ ಮುಟ್ಟಿದರೆ ಮಾತ್ರ ನಮ್ಮ ಕಾರ್ಡಿನಿಂದ ಹಣ ಕಡಿತವಾಗುತ್ತದೆ, ಇಲ್ಲವಾದರೆ ಒಂದು ಪೈಸೆಯೂ ಹೋಗುವುದಿಲ್ಲ. ಬಂದಷ್ಟನ್ನು ತಂಡಕ್ಕೆ ಕೊಟ್ಟುಬಿಡುವ ತಾಣಗಳೂ ಇವೆ. ಸಾಕ್ಷ್ಯಚಿತ್ರದ ಮಟ್ಟಿಗೆ ಆ ಪದ್ಧತಿ ನನಗೆ ಸರಿಕಾಣುವುದಿಲ್ಲ, ಏಕೆಂದರೆ ಅರ್ಧ ಹಣದಲ್ಲಿ ಅರ್ಧ ಚಿತ್ರ ತೆಗೆಯಲು ಬರುವುದಿಲ್ಲ. ಗುರಿ ಕೊನೆಯ ಎರಡು ದಿನಗಳಲ್ಲಿ ಮುಟ್ಟಿತು. ಬ್ಯಾಂಕಿನ ಲೆಕ್ಕಪತ್ರದಲ್ಲಿ 250 ಕ್ರೋನರ್ ಮೂರು ಸಾವಿರ ರೂಪಾಯಿಗಿಂತ ತುಸು ಹೆಚ್ಚಾಗಿಯೇ ಕಂಡಿತು: ವಿದೇಶಿ ವಿನಿಮಯದ ಮೇಲೆ ನನ್ನ ಕಾರ್ಡು ಶೇ 3.5ರಷ್ಟು ಶುಲ್ಕ ಹಾಕುತ್ತದೆ, ಆ ಶುಲ್ಕದ ಮೇಲೆ ಮತ್ತೆ ಶೇ 18ರ ಜಿಎಸ್‌ಟಿ. ಮೊತ್ತ ಚಿಕ್ಕದಾದರೂ ಮೊದಲೇ ತಿಳಿದಿರಲಿ.

ಕೊಡುವ ಮೊತ್ತಕ್ಕೆ ತಕ್ಕಂತೆ ಉಡುಗೊರೆ ಸಿಗುವ ಶ್ರೇಣಿಗಳಲ್ಲಿ ಭಿತ್ತಿಚಿತ್ರ ಸೇರಿದ್ದನ್ನು ಆರಿಸಿದ್ದು ನನ್ನ ತಪ್ಪು. ಅಂಚೆವೆಚ್ಚವೆಂದು ಆಮೇಲೆ ಪ್ರತ್ಯೇಕವಾಗಿ ಕೇಳಿದರು; ಅದು ಮೂಲ ವಂತಿಗೆಯ ಅರ್ಧಕ್ಕಿಂತ ಹೆಚ್ಚಿತ್ತು. ಬಂದ ಕೊಳವೆ ಒಂದು ಕಡೆ ಜಜ್ಜಿತ್ತು. ಬಿಲ್ಲುಗಾರನ ಅದೇ ನೆರಳು.

ಖರ್ಚಿನ ವಿವರಣೆಯಲ್ಲಿ ಪುಟ ಸೋತಿದೆ. ಬಣ್ಣಬಣ್ಣದ ಒಂದು ವೃತ್ತವನ್ನು ಬಿಡಿಸಿ ಚಿತ್ರೀಕರಣ, ಸಂಕಲನ, ಸಂಗೀತ, ಪ್ರಯಾಣ ಎಂದು ಹೋಳು ಮಾಡಿದ್ದರು. ತಾಣದ ದಲ್ಲಾಳಿ ಶುಲ್ಕ ಅದರಲ್ಲಿ ಇರಲಿಲ್ಲ; ದೊಡ್ಡ ತಾಣಗಳು ಸಾಮಾನ್ಯವಾಗಿ ಒಟ್ಟು ಮೊತ್ತದ ಶೇ 5ರಷ್ಟನ್ನು ತೆಗೆದುಕೊಳ್ಳುತ್ತವೆ, ಪಾವತಿ ಸಂಸ್ಥೆಯ ಶುಲ್ಕ ಅದಕ್ಕೆ ಮೇಲಿನ ಮಾತು. ಅದಕ್ಕಿಂತ ದೊಡ್ಡ ಲೋಪವೆಂದರೆ ದಾಖಲೆ ಸಾಮಗ್ರಿಯ ವೆಚ್ಚ. ಎರಡನೆಯ ಮಹಾಯುದ್ಧದ ಚಿತ್ರತುಣುಕುಗಳನ್ನು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಂಥ ಸಂಗ್ರಹಾಲಯಗಳು ಪುಕ್ಕಟೆಯಾಗಿ ಕೊಡುವುದಿಲ್ಲ, ಬಳಸುವ ಅವಧಿಗೆ ತಕ್ಕಂತೆ ಪರವಾನಗಿಗೆ ಹಣ ಕೇಳುತ್ತವೆ. ಹೀಗಿರುವಾಗ ಸಂಗೀತಕ್ಕೆ ಒಂದು ಹೋಳು, ದಾಖಲೆಗೆ ಹೋಳೇ ಇಲ್ಲ ಎಂದರೆ ಏನು ಅರ್ಥ? ಐದನೆಯ ಪ್ರಗತಿ ಪತ್ರದಲ್ಲಿ ತಂಡವೇ ಇದನ್ನು ಒಪ್ಪಿಕೊಂಡು, ಸಂಕಲನದ ಹಣದಿಂದ ಒಂದು ಪಾಲನ್ನು ಪರವಾನಗಿಗೆ ತಿರುಗಿಸಿದ್ದಾಗಿಯೂ ಅದರಿಂದ ಚಿತ್ರ ತಡವಾಗುವುದಾಗಿಯೂ ತಿಳಿಸಿತು. ತಡವಾದದ್ದಕ್ಕೆ ನನಗೆ ಬೇಸರವಿಲ್ಲ, ಒಪ್ಪಿಕೊಂಡದ್ದಕ್ಕೆ ಮೆಚ್ಚುಗೆಯೇ ಇದೆ. ಆದರೆ ಇದು ಮೊದಲ ದಿನವೇ ಗೊತ್ತಿರಬೇಕಾಗಿದ್ದ ಲೆಕ್ಕ.

ಈ ಲೆಕ್ಕದ ಹಿಂದೆ ಇನ್ನೂ ದೊಡ್ಡ ತೊಡಕೊಂದಿದೆ. ಲಾಸೆನ್ ಕಾದಾಡಿದ್ದೆಲ್ಲ ಹೆಚ್ಚಾಗಿ ಕತ್ತಲಲ್ಲಿ. 1942ರ ಜನವರಿಯಲ್ಲಿ ಪಶ್ಚಿಮ ಆಫ್ರಿಕದ ಕರಾವಳಿಯಾಚೆ, ಸ್ಪೇನಿನ ವಶದಲ್ಲಿದ್ದ ಫರ್ನಾಂಡೊ ಪೊ ದ್ವೀಪದ ಬಂದರಿನಿಂದ 'ಡುಕೆಸ್ಸಾ ದಾವೊಸ್ತಾ' ಎಂಬ ಇಟಲಿಯ ಹಡಗನ್ನು ಎಳೆದೊಯ್ದದ್ದು ರಾತ್ರಿ, ಸಾರ್ಕ್ ರಾತ್ರಿ, 1943ರಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ವಿಮಾನನೆಲೆಯ ಮೇಲೆ ನಡೆಸಿದ ದಾಳಿ, 1944ರಲ್ಲಿ ಅಲ್ಲಿಯದೇ ಸ್ಯಾಂಟೊರಿನಿ ದ್ವೀಪದ ದಾಳಿ ಕೂಡ ರಾತ್ರಿಯವೇ. ಅಂಥ ಕಡೆ ಕ್ಯಾಮೆರಾ ಹಿಡಿದವರು ಯಾರೂ ಇರಲಿಲ್ಲ. ಹಾಗಾಗಿ ಎಷ್ಟೇ ಹಣ ತೆತ್ತರೂ ಸಿಗುವುದು ಆತನ ಸುತ್ತಲಿನ ಯುದ್ಧದ ದೃಶ್ಯಗಳೇ ಹೊರತು ಆತನ ಯುದ್ಧದ್ದಲ್ಲ. ಉಳಿದ ದಾರಿಗಳು ಎರಡು: ನಟರಿಂದ ಮರುಸೃಷ್ಟಿಸುವುದು, ಇಲ್ಲವೇ ಕಾಗದಪತ್ರ, ಭೂಪಟ ಮತ್ತು ಈಗಿನ ನೆಲವನ್ನು ತೋರಿಸಿ ಹೇಳುವುದು. ಪರಿಚಯ ಚಿತ್ರ ಮೊದಲ ದಾರಿಯ ಆಸೆ ಹುಟ್ಟಿಸಿತ್ತು, ಕರಡು ಭಾಗ ಎರಡನೆಯದನ್ನು ಹಿಡಿದಿದೆ. ಬಿಲ್ಲುಗಾರನ ಸಾಹಸವನ್ನು ನಿರೀಕ್ಷಿಸಿ ಹಣ ಕೊಟ್ಟವರಿಗೆ ಮೋಸವಾಯಿತೆನಿಸಿದರೆ ಅವರನ್ನು ದೂರುವಂತಿಲ್ಲ. ನನಗೆ ಮಾತ್ರ ಇದು ಲಾಭ.

ಕರಡು ಭಾಗದ ಬಹುಪಾಲು ಇಟಲಿಯ ಕೊಮಾಕ್ಕಿಯೊ ಸರೋವರದ ದಡದ್ದು. ಈಲ್ ಮೀನಿಗೆ ಹೆಸರಾದ, ಆಳವಿಲ್ಲದ ಕೆಸರು ನೀರಿನ ಹರವು ಅದು. 1945ರ ಏಪ್ರಿಲ್ 8ರ ರಾತ್ರಿ ಹದಿನೇಳು ಜನರೊಂದಿಗೆ ಲಾಸೆನ್ ಉತ್ತರ ದಡದಲ್ಲಿ ಇಳಿದ. ದೊಡ್ಡ ಸೈನ್ಯವೇ ಬಂದಿಳಿದಿದೆ ಎಂಬ ಭ್ರಮೆಯನ್ನು ಶತ್ರುವಿಗೆ ಹುಟ್ಟಿಸುವುದು ಆತನಿಗೆ ವಹಿಸಿದ್ದ ಕೆಲಸ. ಎರಡೂ ಪಕ್ಕ ನೀರಿದ್ದ ಕಿರುದಾರಿಯಲ್ಲಿ ಕಾವಲಿನವರು ತಡೆದು ಕೇಳಿದಾಗ, ಮನೆಗೆ ಮರಳುತ್ತಿರುವ ಮೀನುಗಾರರು ಎಂದು ಉತ್ತರ ಕೊಟ್ಟರು. ಅದು ನಡೆಯಲಿಲ್ಲ, ಮಷೀನ್‌ಗನ್ನುಗಳು ಮೊದಲಾದವು. ಲಾಸೆನ್ ಕೈಬಾಂಬುಗಳಿಂದ ಒಂದು ಠಾಣ್ಯವನ್ನು, ಬಳಿಕ ಇನ್ನೊಂದನ್ನು ಅಡಗಿಸಿದ. ಮೂರನೆಯದರಿಂದ ಶರಣಾಗುತ್ತೇವೆಂಬ ಕೂಗು ಬಂದಿತು. ಶರಣಾಗತಿ ಪಡೆಯಲು ನಾಲ್ಕು ಹೆಜ್ಜೆ ಮುಂದೆ ಹೋದಾಗ ಗುಂಡು ತಗುಲಿತು. ತನ್ನನ್ನು ಹೊತ್ತೊಯ್ದರೆ ಹಿಂದೆ ಸರಿಯುವ ಜೊತೆಗಾರರಿಗೆ ಅಪಾಯವೆಂದು ಆತ ಒಪ್ಪಲಿಲ್ಲ. ಏಪ್ರಿಲ್ 9ರಂದು ಅಲ್ಲಿಯೇ ತೀರಿಕೊಂಡ, ವಯಸ್ಸು ಇಪ್ಪತ್ನಾಲ್ಕು. ಡೆನ್ಮಾರ್ಕ್ ಆಕ್ರಮಣಕ್ಕೆ ಒಳಗಾಗಿ ಸರಿಯಾಗಿ ಐದು ವರ್ಷ ತುಂಬಿದ ದಿನ ಅದು. ಆತನಿಗೆ ಮರಣೋತ್ತರವಾಗಿ ಬಂದದ್ದು ವಿಕ್ಟೋರಿಯಾ ಕ್ರಾಸ್, ಶೌರ್ಯಕ್ಕೆ ಬ್ರಿಟನ್ ಕೊಡುವ ಅತ್ಯುನ್ನತ ಪದಕ; ಆ ಯುದ್ಧದಲ್ಲಿ ಕಾಮನ್‌ವೆಲ್ತಿನ ಹೊರಗಿನವರಿಗೆ ಆ ಪದಕ ದೊರೆತದ್ದು ಇದೊಂದೇ. ಇದನ್ನೆಲ್ಲ ಕರಡು ಭಾಗ ಈಗಿನ ಆ ದಾರಿಯಲ್ಲಿ ಕ್ಯಾಮೆರಾವನ್ನು ನಿಧಾನವಾಗಿ ನಡೆಸುತ್ತ, ಪ್ರಶಸ್ತಿಪತ್ರದ ಅಧಿಕೃತ ಒಕ್ಕಣೆಯನ್ನು ಓದಿಸುತ್ತ ಹೇಳುತ್ತದೆ. ಸಂಗೀತವಿಲ್ಲ, ಗಾಳಿಯ ಸದ್ದಷ್ಟೇ. ಕೊನೆಗೆ ಆತನನ್ನು ಹೂಳಿದ, ಇಟಲಿಯದೇ ಆದ ಆರ್ಜೆಂಟಾ ಊರಿನ ಯುದ್ಧಸಮಾಧಿಗಳ ಸಾಲು. ನಾನು ಕೊಟ್ಟ ಹಣದ ಋಣ ಈ ದೃಶ್ಯಗಳಿಗೇ ತೀರಿತು ಎಂದುಕೊಂಡಿದ್ದೇನೆ.

ಈಗ ನದಿಯ ದಡಕ್ಕೆ ಬರೋಣ. ಅದೇ ಏಪ್ರಿಲ್ 9ರಂದು, ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಸೆನಿಯೊ ನದಿಯನ್ನು ಎಂಟನೆಯ ಭಾರತೀಯ ಡಿವಿಜನ್ ದಾಟಿತು. ಐದನೆಯ ಮರಾಠಾ ಲಘು ಪದಾತಿ ದಳದ ಸಿಪಾಯಿ ನಾಮದೇವ ಜಾಧವ ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರನ್ನಾಗಿ ಹೊತ್ತು ನೀರು ದಾಟಿಸಿ, ನೆಲಬಾಂಬುಗಳ ನಡುವೆ ಸುರಕ್ಷಿತ ಜಾಗಕ್ಕೆ ಮುಟ್ಟಿಸಿ, ಮರಳಿ ಹೋಗಿ ಮೂರು ಮಷೀನ್‌ಗನ್ ಠಾಣ್ಯಗಳನ್ನು ಅಡಗಿಸಿದ; ಕೈಗೆ ಗಾಯವಾಗಿ ಬಂದೂಕು ಹಿಡಿಯಲಾಗದಾಗ ಕೈಬಾಂಬು ಎಸೆದ. ಆತನಿಗೂ ವಿಕ್ಟೋರಿಯಾ ಕ್ರಾಸ್ ಬಂದಿತು, ಆತ ಬದುಕಿ ಊರಿಗೆ ಮರಳಿದ. ಅದೇ ದಿನ, ಅದೇ ನದಿಯಲ್ಲಿ ಫ್ರಂಟಿಯರ್ ಫೋರ್ಸ್ ರೈಫಲ್ಸಿನ ಅಲಿ ಹೈದರ್ ಕೂಡ ಅದೇ ಪದಕವನ್ನು ಗಳಿಸಿದ. ಜಾಧವ ಅಹಮದನಗರ ಜಿಲ್ಲೆಯವನಾದರೂ ಆತನ ದಳದ ಕೇಂದ್ರ ನಮ್ಮ ಬೆಳಗಾವಿಯ ಕ್ಯಾಂಪಿನಲ್ಲಿದೆ. ಮರಾಠಾ ಸೆಂಟರಿನ ಮುಂದೆ ಹಾದುಹೋಗುವವರಿಗೆ ಈ ಹೆಸರು ಅಪರಿಚಿತವಲ್ಲ. ನನಗೆ ಕೊಮಾಕ್ಕಿಯೊ ಗೊತ್ತಾದದ್ದೇ ಸೆನಿಯೊದ ಭೂಪಟ ಹುಡುಕುವಾಗ.

ಕರಡು ಭಾಗದ ಭೂಪಟದಲ್ಲಿ ಆ ದಿನ ಸರೋವರದ ದಕ್ಷಿಣಕ್ಕೆ ಏನೂ ನಡೆಯದಂತೆ ಬಿಳಿಯ ಜಾಗವಿತ್ತು. ಲಾಸೆನ್ ದಾಳಿ ಯಾವ ದೊಡ್ಡ ಕದನಕ್ಕೆ ಶತ್ರುವಿನ ಗಮನ ಬೇರೆಡೆ ಸೆಳೆಯುವ ಕೆಲಸದ ಭಾಗವಾಗಿತ್ತೋ ಅದೇ ಕಾಣದಿದ್ದರೆ ಪ್ರೇಕ್ಷಕನಿಗೆ ಆ ಸಾವು ಏತಕ್ಕಾಗಿ ಎಂಬುದೇ ತಿಳಿಯುವುದಿಲ್ಲ ಎಂದು ತಂಡಕ್ಕೆ ಬರೆದೆ. ನಾಲ್ಕು ದಿನಗಳಲ್ಲಿ ಉತ್ತರ ಬಂದಿತು, ಅದೂ ಎಲ್ಲರಿಗೂ ಕಳುಹಿಸುವ ಸಿದ್ಧ ಒಕ್ಕಣೆಯದಲ್ಲ. ಜಾಧವನ ಪ್ರಶಸ್ತಿಪತ್ರದ ಒಕ್ಕಣೆ ಎಲ್ಲಿ ಸಿಗುತ್ತದೆಂದು ಕೇಳಿದ್ದರು, ಕಳುಹಿಸಿದೆ. ಕಳೆದ ತಿಂಗಳ ಹನ್ನೊಂದನೆಯ ಪತ್ರದಲ್ಲಿ ತಿದ್ದಿದ ಭೂಪಟ ಬಂದಿದೆ. ಸೆನಿಯೊ ನದಿಯನ್ನು ಗುರುತಿಸಿ, ಪಕ್ಕದಲ್ಲಿ 'ಎಂಟನೆಯ ಭಾರತೀಯ ಡಿವಿಜನ್' ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಸಿಪಾಯಿಗಳ ಹೆಸರು ಇಲ್ಲ.

ಧ್ವನಿ ಜೋಡಣೆಗೆ ಎರಡನೆಯ ಸುತ್ತಿನ ವಂತಿಗೆ ಈಗ ತೆರೆದಿದೆ. ಈ ಸಲ ದಾಖಲೆ ಪರವಾನಗಿಗೂ ತಾಣದ ಶುಲ್ಕಕ್ಕೂ ಬೇರೆ ಬೇರೆ ಸಾಲುಗಳಿವೆ, ಅಂಚೆವೆಚ್ಚವನ್ನು ಮೊದಲೇ ತೋರಿಸಿದ್ದಾರೆ. ಇಂಗ್ಲಿಷ್ ಅಡಿಬರಹದ ಭರವಸೆಯೂ ಇದೆ. ನಾನು ಚಿತ್ರದ ಕೊಂಡಿ ಮಾತ್ರ ಸಿಗುವ, ಭಿತ್ತಿಚಿತ್ರವಿಲ್ಲದ ಅತಿ ಕಡಿಮೆ ಶ್ರೇಣಿಗೆ ಹಣ ಹಾಕಿದ್ದೇನೆ. ಯುದ್ಧದ ಇತಿಹಾಸದಲ್ಲಿ ಆಸಕ್ತಿಯಿದ್ದು ಕಾಯುವ ತಾಳ್ಮೆಯಿರುವವರೂ ಆ ಶ್ರೇಣಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು.